ಹದಿನೇಳು ಗಂಟೆಯ ದಾರಿ

ದೂರವನ್ನು ಅಳೆಯುವುದಕ್ಕೆ ನಮ್ಮ ಹಿರಿಯರು ಇಟ್ಟುಕೊಂಡಿದ್ದ ಮಾತುಗಳನ್ನು ನೆನೆದಾಗಲೆಲ್ಲ ನನಗೆ ಒಂದು ಬಗೆಯ ಸಂತೋಷವಾಗುತ್ತದೆ. ಗೇಣು, ಮೊಳ, ಮಾರು, ಕೂಗಳತೆ, ಹರಿದಾರಿ, ಗಾವುದ. ಮೊಳವೆಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ. ಮಾರೆಂದರೆ ಎರಡು ಕೈಗಳನ್ನೂ ಚಾಚಿದಷ್ಟು. ಕೂಗಳತೆಯೆಂದರೆ ಒಬ್ಬನು ಕೂಗಿದರೆ ಇನ್ನೊಬ್ಬನಿಗೆ ಕೇಳಿಸುವಷ್ಟು. ಹರಿದಾರಿ ಸುಮಾರು ಮೂರು ಮೈಲಿ ಎಂದು ಬಲ್ಲವರು ಹೇಳುತ್ತಾರೆ; ಆದರೆ ನಮ್ಮ ಹಿರೇಗುಂಟನೂರಿನಲ್ಲಿ ಅದನ್ನು ಮೈಲಿಗೆ ಇಳಿಸಿ ಲೆಕ್ಕ ಹಾಕಿದವರನ್ನು ನಾನು ಕಂಡಿಲ್ಲ. ತಲೆಯ ಮೇಲೆ ಹೊರೆಯಿದ್ದರೆ ನಡುವೆ ಒಮ್ಮೆ ಇಳಿಸಿ ಸುಧಾರಿಸಿಕೊಳ್ಳಬೇಕಾದಷ್ಟು ದಾರಿ, ಅಷ್ಟೆ. ಈ ಅಳತೆಗಳಲ್ಲೆಲ್ಲ ಮನುಷ್ಯನ ಮೈಯಿದೆ. ಕೈಯೋ ಕಾಲೋ ಗಂಟಲೋ ದಣಿಯದೆ ಇಲ್ಲಿ ಯಾವ ದೂರವೂ ಅಳತೆಗೆ ಸಿಕ್ಕುವುದಿಲ್ಲ.

ತರಗತಿಯಲ್ಲಿ ಇದನ್ನು ವಿವರಿಸುತ್ತ ಒಮ್ಮೆ, ಚಿತ್ರದುರ್ಗದಿಂದ ಬೆಂಗಳೂರು ಎಷ್ಟು ದೂರ ಎಂದು ಹುಡುಗರನ್ನು ಕೇಳಿದೆ. "ನಾಲ್ಕು ಗಂಟೆ ಸರ್" ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂದಿತು. ಇನ್ನೂರು ಕಿಲೋಮೀಟರು ಎಂದು ಒಬ್ಬನೂ ಹೇಳಲಿಲ್ಲ. ದೂರ ಕೇಳಿದರೆ ಹೊತ್ತು ಹೇಳುತ್ತೀರಲ್ಲ ಎಂದು ನಾನು ನಕ್ಕೆ. ಆಮೇಲೆ ಯೋಚಿಸಿದಾಗ ಹುಡುಗರು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ನಾವು ಈಗ ಬದುಕುತ್ತಿರುವುದು ಆ ಅಳತೆಯಲ್ಲಿಯೇ. ಆದರೆ ಅಳತೆ ಬದಲಾದಾಗ ಅದರೊಡನೆ ಇನ್ನೇನೇನು ಬದಲಾಯಿತೆಂಬುದನ್ನು ನಾನು ತಿಳಿದುಕೊಂಡದ್ದು ತರಗತಿಯಲ್ಲಲ್ಲ, ನನ್ನ ಮನೆಯಲ್ಲಿ. ಸ್ವಂತದ ಸಂಗತಿಯೊಂದನ್ನು ಹೇಳದೆ ಈ ಮಾತನ್ನು ಮುಂದುವರಿಸಲಾರೆ, ಓದುಗರು ಕ್ಷಮಿಸಬೇಕು.

ನನ್ನ ತಮ್ಮ ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಬಳಿ ನೆಲೆಸಿದ. ನಾನು ಚಿತ್ರದುರ್ಗದಲ್ಲಿ ಉಳಿದೆ. ನಮ್ಮ ಅವ್ವ ಊರಿನ ಮನೆಯನ್ನೂ ಎರಡೆಕರೆ ಅಡಿಕೆ ತೋಟವನ್ನೂ ಬಿಟ್ಟು ಎಲ್ಲಿಗೂ ಬರಲೊಲ್ಲದೆ, ನಮ್ಮ ಸೋದರತ್ತೆಯನ್ನು ಜೊತೆಗಿಟ್ಟುಕೊಂಡು ಹಿರೇಗುಂಟನೂರಿನಲ್ಲಿಯೇ ಇದ್ದಳು. ಆಕೆ ಒಂದು ಸಂಜೆ ನನ್ನನ್ನು ಕೇಳಿದಳು: "ಅವನಿರೋ ಊರು ಏಟು ದೂರ ಆಗ್ತತಪ್ಪಾ?" ಸುಮಾರು ಹದಿನಾಲ್ಕು ಸಾವಿರ ಕಿಲೋಮೀಟರು ಎಂದೆ. ಆ ಅಂಕಿ ಕೆಸುವಿನೆಲೆಯ ಮೇಲೆ ಬಿದ್ದ ನೀರಿನಂತೆ ಆಕೆಗೆ ಅಂಟದೆ ಜಾರಿಹೋಯಿತು. "ಬೆಂಗಳೂರಿಗೆ ಏಟು ಸಲ ಹೋಗಿ ಬಂದಂಗೆ ಆಗ್ತತೆ, ಅದ ಹೇಳು" ಎಂದಳು. ಇನ್ನೂರರಿಂದ ಭಾಗಿಸಿ, ಮೂವತ್ತೈದು ಸಲ ಹೋಗಿ ಬಂದಂತೆ ಎಂದೆ. ಅವ್ವ ಬೆರಳು ಮಡಿಚಿ ಎಣಿಸಿದಳು. ಮದುವೆಗಳಿಗೆ, ಆಸ್ಪತ್ರೆಗೆ, ತಮ್ಮನನ್ನು ವಿಮಾನ ಹತ್ತಿಸುವುದಕ್ಕೆ ಎಂದು ಆಕೆ ತನ್ನ ಜೀವಮಾನದಲ್ಲಿ ಏಳು ಸಲ ಬೆಂಗಳೂರು ಕಂಡಿದ್ದಳು. "ಹಂಗಾದ್ರೆ ಐದರಾಗೆ ಒಂದು ಪಾಲು ದಾರಿ ನಾನೂ ನಡದೀನಿ ಬಿಡು" ಎಂದಳು. ಲೆಕ್ಕ ಸರಿಯಾಗಿಯೇ ಇತ್ತು.

ಆಮೇಲೆ ನಾನು, ಬೆಂಗಳೂರಿಗೂ ಆ ಊರಿಗೂ ನೇರವಾಗಿ ಒಂದು ವಿಮಾನ ಬಿಟ್ಟಿದ್ದಾರೆ, ಹದಿನೇಳು ಗಂಟೆ ಹಿಡಿಯುತ್ತದೆ ಎಂದು ಹೇಳಿದೆ. ಆಕೆಯ ಮುಖ ಅರಳಿತು. ಬೆಳಿಗ್ಗೆ ಹತ್ತು ಗಂಟೆಗೆ ಹೊರಟವನು ಕೋಳಿ ಕೂಗುವ ಹೊತ್ತಿಗೆ ಬಂದಾನು. ಭೀಮಸಮುದ್ರಕ್ಕೆ ಅಡಿಕೆ ಹಾಕಲು ಹೋದ ನನ್ನ ಅಪ್ಪ ಎಷ್ಟೋ ಸಲ ಅಷ್ಟು ಹೊತ್ತು ಮಾಡಿ ಬಂದದ್ದುಂಟು. ಹದಿನಾಲ್ಕು ಸಾವಿರವೆಂಬುದು ಆಕೆಯ ಮಗನನ್ನು ಕಾಣದ ಕಡೆಗೆ ಒಯ್ದಿತ್ತು. ಹದಿನೇಳೆಂಬುದು ಅವನನ್ನು ಜಗುಲಿಯ ತನಕ ಕರೆತಂದಿತು.

ಆ ವಿಮಾನ ಮೊದಲು ಹೊರಟದ್ದು 2021ರ ಜನವರಿ 9ರ ರಾತ್ರಿ, ಸ್ಯಾನ್ ಫ್ರಾನ್ಸಿಸ್ಕೊದಿಂದ. ಏರ್ ಇಂಡಿಯಾದ ಆ ವಿಮಾನವನ್ನು ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರೊಡನೆ ಇದ್ದ ಇನ್ನು ಮೂವರು ಪೈಲಟ್‌ಗಳು, ನಾಲ್ವರೂ ಹೆಂಗಸರು. ಉತ್ತರ ಧ್ರುವದ ಮೇಲೆ ಹಾದು, ಜನವರಿ 11ರ ನಸುಕಿನಲ್ಲಿ ಅವರು ಬೆಂಗಳೂರಿನಲ್ಲಿಳಿದರು. ಅಮೆರಿಕ ಪಶ್ಚಿಮಕ್ಕಿದೆಯೆಂದು ಶಾಲೆಯಲ್ಲಿ ಕಲಿತ ನನಗೆ, ಧ್ರುವದ ಮೇಲೇಕೆ ಹೋಗಬೇಕು ಎಂಬ ಸಂದೇಹ ಹುಟ್ಟಿತು. ನಮ್ಮ ಕಾಲೇಜಿನ ಭೂಗೋಳದ ಅಧ್ಯಾಪಕರು ಬೀರುವಿನ ಮೇಲಿದ್ದ ಗೋಳವನ್ನು ಇಳಿಸಿ, ಧೂಳು ಒರೆಸಿ, ಒಂದು ದಾರವನ್ನು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊದವರೆಗೆ ಬಿಗಿಯಾಗಿ ಎಳೆದು ತೋರಿಸಿದರು. ದಾರ ತಾನಾಗಿಯೇ ಗೋಳದ ನೆತ್ತಿಯ ಕಡೆಗೆ ಏರಿತು. ಬೆಂಗಳೂರಿರುವುದು ಸುಮಾರು 77½ ಡಿಗ್ರಿ ಪೂರ್ವ ರೇಖಾಂಶದಲ್ಲಿ, ಆ ಊರು 122½ ಡಿಗ್ರಿ ಪಶ್ಚಿಮದಲ್ಲಿ. ಎರಡನ್ನೂ ಕೂಡಿದರೆ ಇನ್ನೂರು. ಎಂದರೆ ಹೆಚ್ಚುಕಡಮೆ ಭೂಮಿಯ ಆಚೆಯ ಮಗ್ಗುಲು. ಅಲ್ಲಿಗೆ ಮೂಡಲೂ ಸಮ, ಪಡುವಲೂ ಸಮ. ಹತ್ತಿರದ ದಾರಿ ತಲೆಯ ಮೇಲಿನದು. ಭೂಮಿಯ ಸುತ್ತಳತೆ ನಲವತ್ತು ಸಾವಿರ ಕಿಲೋಮೀಟರು. ಅದರ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚನ್ನು ಎಲ್ಲಿಯೂ ಕಾಲೂರದೆ ಹಾರಬೇಕು.

ಇದನ್ನು ಅವ್ವನಿಗೆ ವಿವರಿಸಹೋಗಿ ನಾನೇ ಸಿಕ್ಕಿಬಿದ್ದೆ. ಭೂಮಿ ತಿರುಗುತ್ತದೆಂದು ನೀನೇ ಹೇಳುತ್ತೀಯಲ್ಲ, ಹಾಗಾದರೆ ವಿಮಾನ ನಮ್ಮೂರ ಮೇಲೆ ಎದ್ದು ಸುಮ್ಮನೆ ನಿಂತರೆ ಸಾಲದೆ, ಅವನ ಊರೇ ಕೆಳಗೆ ಬರುತ್ತದಲ್ಲ ಎಂದು ಆಕೆ ಕೇಳಿದಳು. ಒಳ್ಳೆಯ ಪ್ರಶ್ನೆಯೇ. ಗಾಳಿಯೂ ಭೂಮಿಯೊಡನೆಯೇ ತಿರುಗುತ್ತದೆ, ಗಾಳಿಯೊಡನೆ ವಿಮಾನವೂ, ಆದ್ದರಿಂದ ನಿಂತರೆ ನಿಂತಲ್ಲಿಯೇ ಎಂದೆ. ಮೇಲಿನ ಪದರದಲ್ಲಿ ಪಡುವಣದಿಂದ ಮೂಡಣಕ್ಕೆ ಬಲವಾದ ಗಾಳಿಯ ಹೊಳೆ ಹರಿಯುತ್ತದೆ, ಅದಕ್ಕೆ ಸಿಕ್ಕಿದ ವಿಮಾನ ಬೇಗ ಹೋಗುತ್ತದೆ, ಎದುರಾದದ್ದು ತಡವಾಗುತ್ತದೆ, ಅದರಿಂದಲೇ ಹೋಗುವ ಹೊತ್ತೂ ಬರುವ ಹೊತ್ತೂ ಒಂದೇ ಆಗಿರುವುದಿಲ್ಲ ಎಂದೂ ಹೇಳಿದೆ. "ಹೋಗೋವಾಗ ಬೇಗ, ಬರೋವಾಗ ತಡ. ಅದು ಎಲ್ರಿಗೂ ಹಂಗೇ ಅಲ್ವೇನಪ್ಪಾ" ಎಂದು ಅವ್ವ ಎದ್ದು ದೀಪ ಹಚ್ಚಲು ಹೋದಳು.

ಈ ಹದಿನೇಳು ಗಂಟೆಯೆಂಬುದು ಒಂದು ಅರ್ಧಸತ್ಯವೆಂದು ಆಗಲೇ ಹೇಳಬೇಕಾಗಿತ್ತು, ಹೇಳಲಿಲ್ಲ. ಅದು ಗಾಲಿ ನೆಲ ಬಿಟ್ಟ ಗಳಿಗೆಯಿಂದ ನೆಲ ಮುಟ್ಟುವ ಗಳಿಗೆಯವರೆಗಿನ ಲೆಕ್ಕ. ಮನೆಯಿಂದ ನಿಲ್ದಾಣಕ್ಕೆ, ಅಲ್ಲಿ ಮೂರು ಗಂಟೆ ಮುಂಚಿತವಾಗಿ, ಇಲ್ಲಿ ಇಳಿದ ಮೇಲೆ ಪಾಸ್‌ಪೋರ್ಟಿನ ಸಾಲು, ಪೆಟ್ಟಿಗೆಯ ಕಾಯುವಿಕೆ, ದೇವನಹಳ್ಳಿಯಿಂದ ತುಮಕೂರು, ಶಿರಾ, ಹಿರಿಯೂರು ಹಾದು ಚಿತ್ರದುರ್ಗ, ಅಲ್ಲಿಂದ ನಮ್ಮೂರು. ಕೂಡಿಸಿದರೆ ಒಂದು ಹಗಲು ಒಂದು ರಾತ್ರಿಗೆ ಕಡಮೆಯಿಲ್ಲ. ಅದೂ ನೇರ ವಿಮಾನ ಅಂದೇ ಇದ್ದರೆ, ಅದರಲ್ಲಿ ಜಾಗ ಸಿಕ್ಕರೆ. ಜಾಹೀರಾತಿಗೆ ಬೇಕಾದ ಗಂಟೆಗಳೇ ಬೇರೆ, ದಾರಿ ಕಾಯುವವರ ಗಂಟೆಗಳೇ ಬೇರೆ.

ಆದರೂ, ಹಿಂದಿನದಕ್ಕೆ ಹೋಲಿಸಿದರೆ ಇದು ಪವಾಡವೇ ಸರಿ. ಸ್ವಾಮಿ ವಿವೇಕಾನಂದರು 1893ರ ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿ, ಸಿಂಗಪುರ, ಹಾಂಗ್‌ಕಾಂಗ್, ಜಪಾನುಗಳ ಮೇಲೆ ಹಾದು, ಉತ್ತರ ಅಮೆರಿಕದ ಪಡುವಣ ಕರಾವಳಿಯ ವ್ಯಾಂಕೂವರಿನಲ್ಲಿ ಕಾಲಿಟ್ಟದ್ದು ಜುಲೈ 25ರಂದು. ನಡುನಡುವೆ ಊರುಗಳನ್ನು ನೋಡುತ್ತ ಹೋದರೆಂಬುದು ನಿಜ. ಹಾಗಿದ್ದರೂ ಎಂಟು ವಾರ. ಆ ಎಂಟು ವಾರಗಳಲ್ಲಿ ಇಲ್ಲಿ ಯಾರಿಗೆ ಏನಾದರೂ ಅವರೇನು ಮಾಡಬಹುದಾಗಿತ್ತು? ಅಂದು ಹಡಗು ಹತ್ತಿದವನು ತನ್ನವರ ಸಾವನ್ನು ಮುಂಚೆಯೇ ಒಪ್ಪಿಕೊಂಡು ಹತ್ತುತ್ತಿದ್ದ. ಕಳುಹಿಸಿಕೊಟ್ಟವರೂ ಒಪ್ಪಿಕೊಂಡೇ ಕಳುಹಿಸುತ್ತಿದ್ದರು.

ಅಷ್ಟು ಹಿಂದಕ್ಕೆ ಹೋಗಬೇಕಾದುದೂ ಇಲ್ಲ. 1991ರಲ್ಲಿ ನನ್ನ ಅಪ್ಪ ತೀರಿಕೊಂಡಾಗ ನಾನು ಮಾಧ್ಯಮಿಕ ಶಾಲೆಯ ಹುಡುಗ. ಚಿಕ್ಕಪ್ಪ ಮುಂಬಯಿಯಲ್ಲಿ ಕೆಲಸದಲ್ಲಿದ್ದರು. ಚಿತ್ರದುರ್ಗಕ್ಕೆ ಒಬ್ಬನನ್ನು ಓಡಿಸಿ ತಂತಿ ಕೊಡಿಸಿದರು. ತಂತಿ ಕೊಟ್ಟದ್ದು ಚಿಕ್ಕಪ್ಪನಿಗೆ ತಿಳಿಯಲೆಂದು. ಬರಲಿ, ಕಾಯೋಣ ಎಂದಲ್ಲ. ಕಾಯಬೇಕೆ ಎಂಬ ಪ್ರಶ್ನೆಯನ್ನೇ ಯಾರೂ ಎತ್ತಲಿಲ್ಲ. ಅಂದು ಸಂಜೆಯೇ ತೋಟದಲ್ಲಿ ಮಣ್ಣಾಯಿತು. ಮೂರನೆಯ ದಿನ ಬಂದ ಚಿಕ್ಕಪ್ಪ ಬಸ್ಸಿಳಿದವರು ಮನೆಗೆ ಬಾರದೆ ನೇರವಾಗಿ ತೋಟಕ್ಕೆ ಹೋಗಿ, ಗದ್ದಿಗೆಯ ಮೇಲೆ ಒಂದು ಹಿಡಿ ಮಣ್ಣು ಹಾಕಿ, ಅಲ್ಲಿಯೇ ಕುಕ್ಕರಿಸಿ ಅತ್ತರು. ಅಣ್ಣನ ಮಣ್ಣಿಗೆ ಬರಲಿಲ್ಲ ಎಂದು ಅವರನ್ನು ಆಡಿದವರಿಲ್ಲ. ಆಡುವುದಾದರೆ ಮುಂಬಯಿಯನ್ನು ಆಡಬೇಕಾಗಿತ್ತು. ತಪ್ಪೆಂಬುದೇನಾದರೂ ಇದ್ದರೆ ಅದನ್ನು ದೂರ ತನ್ನ ಹೆಗಲ ಮೇಲೆ ಹೊತ್ತುಕೊಂಡು, ಮನುಷ್ಯನನ್ನು ಬಿಟ್ಟುಬಿಡುತ್ತಿತ್ತು.

ದೂರದ ಈ ಉಪಕಾರವನ್ನು ನಾವು ಯಾರೂ ಎಣಿಕೆಗೆ ತಂದುಕೊಂಡಿಲ್ಲವೆಂದು ನನಗೆ ತೋರುತ್ತದೆ. ಮಾಡಲಾಗದ್ದು ಕರ್ತವ್ಯವಾಗಲಾರದೆಂಬ ತತ್ತ್ವವೊಂದು ಜರ್ಮನಿಯ ಕಾಂಟ್ ಮಹಾಶಯನ ಹೆಸರಿನೊಡನೆ ಸೇರಿಕೊಂಡಿದೆ. ನಮ್ಮೂರಿನವರು ಅವನ ಹೆಸರು ಕೇಳದೆಯೇ ಅದನ್ನು ನಡೆಸಿಕೊಂಡು ಬಂದಿದ್ದರು. ಆದರೆ ಅದೇ ತತ್ತ್ವವನ್ನು ತಿರುಗಿಸಿ ಹಿಡಿದರೆ ಕತ್ತಿಯ ಇನ್ನೊಂದು ಬಾಯಿ ಕಾಣುತ್ತದೆ: ನಿನ್ನೆ ಆಗದಿದ್ದದ್ದು ಇಂದು ಆಗುವಂತಾದರೆ, ನಿನ್ನೆ ಇಲ್ಲದ ಕರ್ತವ್ಯವೊಂದು ಇಂದು ಹುಟ್ಟಿಕೊಳ್ಳುತ್ತದೆ. ವಿಮಾನ ಕಂಡುಹಿಡಿದವರು ಇದನ್ನು ಯೋಚಿಸಿರಲಾರರು.

ನಡುವೆ ಒಂದು ವಿಚಿತ್ರ ಕಾಲವೂ ಬಂದುಹೋಯಿತು. 2020ರ ಮಾರ್ಚ್ 23ರಿಂದ ವಿದೇಶಗಳಿಗೆ ನಮ್ಮ ದೇಶದಿಂದ ಹೋಗಿಬರುತ್ತಿದ್ದ ಎಂದಿನ ವಿಮಾನಗಳು ನಿಂತವು. ಅವು ಮತ್ತೆ ಪೂರ್ತಿಯಾಗಿ ಹೊರಟದ್ದು 2022ರ ಮಾರ್ಚ್ 27ಕ್ಕೆ. ನಡುವೆ ಓಡಿದವು ವಿಶೇಷ ಏರ್ಪಾಡಿನವು; ಬೆಂಗಳೂರಿನ ಆ ನೇರ ವಿಮಾನ ಪ್ರಾರಂಭವಾದದ್ದೂ ಈ ದಿನಗಳಲ್ಲಿಯೇ. ಆದರೆ ಬಹುಮಂದಿಗೆ ದೂರವೆಂಬುದು ಮತ್ತೆ ವಿವೇಕಾನಂದರ ಕಾಲದ ದೂರವಾಯಿತು. ಮಕ್ಕಳು ತಾಯಿತಂದೆಗಳ ಮಣ್ಣನ್ನು ಫೋನಿನ ಗಾಜಿನಲ್ಲಿ ನೋಡಿದರು. ಯಾರೂ ಯಾರನ್ನೂ ಅನ್ನಲಿಲ್ಲ. ನಮ್ಮ ಅವ್ವ ಆ ಎರಡು ವರ್ಷ ಗಟ್ಟಿಯಾಗಿಯೇ ಇದ್ದಳು.

ಆಕೆ ತೀರಿಕೊಂಡದ್ದು 2023ರ ಫೆಬ್ರವರಿಯಲ್ಲಿ, ಒಂದು ಶುಕ್ರವಾರ ಬೆಳಗಿನ ಜಾವ ಐದಕ್ಕೆ. ಅತ್ತೆ ಫೋನು ಮಾಡಿದಾಗ ನಾನು ಚಿತ್ರದುರ್ಗದ ಮನೆಯಲ್ಲಿ ಮಲಗಿದ್ದೆ. ತಮ್ಮನಿಗೆ ನಾನು ಹೇಳಿದಾಗ ಅಲ್ಲಿ ಗುರುವಾರ ಮಧ್ಯಾಹ್ನ ಮೂರೂವರೆ ದಾಟಿತ್ತು. ಚಳಿಗಾಲದಲ್ಲಿ ಅವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅವ್ವ ಶುಕ್ರವಾರ ತೀರಿಕೊಂಡಳು, ತಮ್ಮ ಅದನ್ನು ಗುರುವಾರ ಕೇಳಿದ.

ನಾನು ಊರು ಸೇರುವ ಹೊತ್ತಿಗೆ ಜಗುಲಿಯ ಮೇಲೆ ಹಿರಿಯರು ಕೂತಿದ್ದರು. ಮೊದಲನೆಯ ಮಾತೇ ಅದು: "ಮೇಷ್ಟ್ರೇ, ತಮ್ಮ ಮಣ್ಣಿಗೆ ಬತ್ತಾನಾ?"

ನೇರ ವಿಮಾನ ವಾರದ ಎಲ್ಲ ದಿನಗಳಲ್ಲಿಯೂ ಇರಲಿಲ್ಲ. ಅವನಿಗೆ ಸಿಕ್ಕದ್ದು ನಡುವೆ ಇಳಿದು ಇನ್ನೊಂದನ್ನು ಹತ್ತಬೇಕಾದ ದಾರಿ. ಶನಿವಾರ ಮಧ್ಯಾಹ್ನ ಬೆಂಗಳೂರು, ರಾತ್ರಿ ಊರು. ಫೋನಿನಲ್ಲಿ ಅವನು ಕಾಯಿರಿ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. "ನೀನು ಹೇಳಿದಂಗೆ ಅಣ್ಣಾ" ಎಂದ. ತೀರ್ಮಾನ ನನ್ನ ತಲೆಗೆ ಬಂದಿತು.

ಇಲ್ಲಿ ನಮ್ಮ ಪದ್ಧತಿಯ ಒಂದು ವಿವರ ಹೇಳಬೇಕು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಮೈ ಬಿಗಿಯುವುದಕ್ಕೆ ಮೊದಲೇ ಕಾಲು ಮಡಿಸಿ, ಗೋಡೆಗೊರಗಿಸಿ, ವಿಭೂತಿ ಹಚ್ಚಿ, ಹೂ ಮುಡಿಸಿ, ಪೂಜೆಗೆ ಕೂತಂತೆ ಕೂರಿಸಿ, ಹಾಗೆಯೇ ಒಯ್ದು ಹಾಗೆಯೇ ಮಣ್ಣಿನಲ್ಲಿ ಇಳಿಸುತ್ತೇವೆ. ಒಂದೂವರೆ ದಿನ ಕಾಯಬೇಕೆಂದರೆ ಚಿತ್ರದುರ್ಗದಿಂದ ತಣ್ಣನೆಯ ಪೆಟ್ಟಿಗೆ ತರಿಸಬೇಕು. ಪೆಟ್ಟಿಗೆ ಮಲಗಿಸುವವರಿಗಾಗಿ ಮಾಡಿದ್ದು. ಒಮ್ಮೆ ಅದರಲ್ಲಿ ಮಲಗಿ ಬಿಗಿದ ಮೈಯನ್ನು ಮತ್ತೆ ಕೂರಿಸುವುದು ಆಗುವ ಮಾತಲ್ಲ. ಮನೆತನದ ಹಿರಿಯರೊಬ್ಬರು ಕೋಪವಿಲ್ಲದೆ, ಬಹಳ ಮೆಲ್ಲಗೆ ಹೇಳಿದರು: "ನಿಮ್ಮಪ್ಪನ್ನ ಕೂರಿಸಿದ್ವಿ. ಅವರ ಮಗ್ಗುಲಾಗೆ ಇವಳು ಮಲಗಾದು ಬ್ಯಾಡ. ಸಂಜೀಕೆ ಮಾಡಿ ಮುಗಿಸೋಣ."

ಪೆಟ್ಟಿಗೆ ತರಿಸಿ ಎಂದೆ.

ಏಕೆ ಹಾಗೆ ಹೇಳಿದೆನೆಂದು ಆಮೇಲೆ ಎಷ್ಟೋ ಸಲ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ತಮ್ಮನ ಮೇಲಿನ ಪ್ರೀತಿ ಎಂದು ಹೇಳಿಬಿಟ್ಟರೆ ಸುಲಭ. ಅದೂ ಇತ್ತು. ಆದರೆ ಒಳಗೆ ಬೇರೆಯದೂ ಇತ್ತು. ಬರಲು ಸಾಧ್ಯವಿದ್ದೂ ಬಾರದವನೆಂಬ ಹೆಸರು ಅವನಿಗೆ ಬರಬಾರದು ಎಂಬ ಕಾಳಜಿಯೊಡನೆ, ಇಷ್ಟು ಹತ್ತಿರವಿದ್ದೂ ಹೇಗೆ ತಪ್ಪಿಸಿಕೊಂಡಾನು, ಬರಲಿ, ಬಂದು ನೋಡಲಿ ಎಂಬ ಕಹಿಯೂ ಬೆರೆತಿತ್ತು. ದಾರಿ ಎಂಟು ವಾರದ್ದಾಗಿದ್ದರೆ ಈ ಎರಡಕ್ಕೂ ಎಡೆಯಿರಲಿಲ್ಲ. ಮೂರು ದಿನದ್ದಾಗಿದ್ದರೂ ಇರಲಿಲ್ಲ. ಕಾಯಬಹುದು, ಆದರೆ ಕಾದರೆ ಕಷ್ಟ ಎಂಬಷ್ಟಕ್ಕೆ ಬಂದು ನಿಂತಿತ್ತು ದೂರ. ಅದೇ ನಮ್ಮನ್ನು ಸಿಕ್ಕಿಸಿತು.

ಕಾಯುವಿಕೆಯ ಬೆಲೆ ತೆತ್ತವರು ನಾವಿಬ್ಬರೇ ಅಲ್ಲ. ಹೆಣ ಎತ್ತುವವರೆಗೆ ನಮ್ಮ ಬೀದಿಯಲ್ಲಿ ಒಲೆ ಹಚ್ಚುವುದಿಲ್ಲ. ಒಂದು ಹಗಲಿನ ಮಾತಾದರೆ ಅದೊಂದು ಮರ್ಯಾದೆ. ಎರಡು ಹಗಲಾದರೆ ಶಿಕ್ಷೆ. ಆಚೆ ಬೀದಿಯ ನೆಂಟರು ಚಹಾ, ಮಂಡಕ್ಕಿ, ಚಿತ್ರಾನ್ನ ತಂದು ಹಂಚಿದರು. ಮಕ್ಕಳನ್ನು ಅವರ ಮನೆಗಳಿಗೆ ಕರೆದೊಯ್ದು ಉಣ್ಣಿಸಿದರು. ಶನಿವಾರ ಮಧ್ಯಾಹ್ನ ಪಕ್ಕದ ಯಾವುದೋ ಹಿತ್ತಿಲಿನಿಂದ ಒಗ್ಗರಣೆಯ ವಾಸನೆ ಬಂದಿತು. ಜಗುಲಿಯಲ್ಲಿ ಕೂತಿದ್ದ ಇಪ್ಪತ್ತು ಮಂದಿಯಲ್ಲಿ ಒಬ್ಬರ ಮೂಗಿಗೂ ಅದು ಬಡಿಯಲಿಲ್ಲ. ಆ ದಾಕ್ಷಿಣ್ಯವನ್ನು ನಾನು ಮರೆಯಲಾರೆ.

ಪೆಟ್ಟಿಗೆಯ ಯಂತ್ರ ಇಡೀ ರಾತ್ರಿ ಗುಂಯ್‌ಗುಡುತ್ತಿತ್ತು. ಕರೆಂಟು ಹೋದರೆಂದು ಜನರೇಟರು ತಂದು ಅಂಗಳದಲ್ಲಿಟ್ಟಿದ್ದರು. ನಾನೂ ಅತ್ತೆಯೂ ಪಕ್ಕದಲ್ಲಿ ಕೂತಿದ್ದೆವು. ಯಾವುದೋ ಮಾತಿಗೆ ಅತ್ತೆ, ನೀನು ಕೊನೆಯ ಸಲ ಬಂದದ್ದು ಯಾವಾಗ ಎಂದು ಕೇಳಿದಳು. ನಾನು ಸಂಕ್ರಾಂತಿಯನ್ನು ನೆನೆದೆ. ಇಲ್ಲ, ಸಂಕ್ರಾಂತಿಗೆ ಬರಲಾಗಿರಲಿಲ್ಲ, ಪರೀಕ್ಷೆಯ ಕೆಲಸವಿತ್ತು. ಅದಕ್ಕೂ ಹಿಂದೆ, ಡಿಸೆಂಬರಿನ ಕೊನೆಯಲ್ಲಿ. ಐವತ್ತು ದಿನಗಳ ಮೇಲಾಗಿತ್ತು. ಚಿತ್ರದುರ್ಗದಿಂದ ನಮ್ಮೂರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ತಮ್ಮ? ತಮ್ಮ ಗುರುವಾರ ರಾತ್ರಿ ಎಂಟಕ್ಕೂ ಫೋನು ಮಾಡಿದ್ದನಂತೆ, ಎಂದಿನಂತೆ. ಅವ್ವ ಫೋನನ್ನು ಅಡಿಕೆ ಗೋಟಿನ ಡಬ್ಬಿಗೆ ಒರಗಿಸಿಟ್ಟು ಅವನ ಮುಖ ನೋಡುತ್ತ, ಏನು ಉಂಡೆ, ಅಲ್ಲಿ ಚಳಿಯೇ ಎಂದು ಕೇಳಿದಳಂತೆ.

ಅತ್ತೆ ದೂರುವ ದನಿಯಲ್ಲಿ ಹೇಳಲಿಲ್ಲ. ಸುಮ್ಮನೆ ಲೆಕ್ಕ ಒಪ್ಪಿಸುವವಳಂತೆ ಹೇಳಿದಳು: "ಅವನು ದೂರ ಇದೀನಿ ಅಂತ ದಿನಾ ಮಾತಾಡ್ದ. ನೀನು ಹತ್ರ ಇದೀನಿ ಅಂತ ಬರ್ನಿಲ್ಲ."

ಆಸ್ಟ್ರೇಲಿಯಾದ ಪೀಟರ್ ಸಿಂಗರ್ ಎಂಬ ತತ್ತ್ವಜ್ಞಾನಿ 1972ರಲ್ಲಿ ಒಂದು ಹೆಸರುವಾಸಿಯಾದ ಪ್ರಬಂಧವನ್ನು ಪ್ರಕಟಿಸಿದ. ಪೂರ್ವ ಬಂಗಾಳದ ಜನ ಹಸಿವಿನಿಂದಲೂ ನೆಲೆಯಿಲ್ಲದೆಯೂ ಸಾಯುತ್ತಿದ್ದ ದಿನಗಳವು. ನಾನು ನೆರವಾಗಬಲ್ಲವನಾಗಿದ್ದರೆ, ನೆರವು ಬೇಕಾದವನು ನನ್ನ ನೆರೆಯವನೋ ಸಾವಿರಾರು ಮೈಲಿ ಆಚೆಯವನೋ ಎಂಬುದರಿಂದ ನನ್ನ ಕರ್ತವ್ಯದಲ್ಲಿ ಯಾವ ವ್ಯತ್ಯಾಸವೂ ಆಗುವುದಿಲ್ಲ ಎಂಬುದು ಅವನ ವಾದ. ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಗೆಳೆಯರೊಬ್ಬರು ಅದನ್ನು ಓದಿಸಿದಾಗ ನಾನು ತಲೆದೂಗಿದ್ದೆ, ಈಗಲೂ ಅಲ್ಲಗಳೆಯುವುದಿಲ್ಲ. ಕಳುಹಿಸಬಹುದಾದ ವಸ್ತುಗಳ ಮಟ್ಟಿಗೆ ಅದು ಸತ್ಯ. ಹಣ ಹದಿನಾಲ್ಕು ಸಾವಿರ ಕಿಲೋಮೀಟರನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ದಾಟುತ್ತದೆ. ಅವ್ವನ ಮಾತ್ರೆಗಳ ಹಣವೆಲ್ಲ ತಮ್ಮನದೇ. ಮಾತೂ ದಾಟುತ್ತದೆ, ಫೋನು ಬಂದಮೇಲೆ ಸ್ಯಾನ್ ಫ್ರಾನ್ಸಿಸ್ಕೊ ನಮ್ಮೂರಿಗೆ ಕೂಗಳತೆಯೇ. ದಾಟದಿರುವುದು ಮೈಯೊಂದೇ. ಜ್ವರ ಬಂದಾಗ ಹಣೆ ಮುಟ್ಟುವ ಕೈ, ಬಚ್ಚಲಲ್ಲಿ ಜಾರದಂತೆ ಹಿಡಿಯುವ ತೋಳು, ಕೊನೆಗೆ ಒಂದು ಹಿಡಿ ಮಣ್ಣು. ಇವನ್ನು ಕಳುಹಿಸುವುದಕ್ಕೆ ಬರುವುದಿಲ್ಲ, ತರಬೇಕು. ಅದರಿಂದ ದೂರಕ್ಕೆ ನೀತಿಯಲ್ಲಿ ಎಣಿಕೆಯಿಲ್ಲವೆಂಬ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಒಪ್ಪುವುದಾದರೆ, ಸಿಂಗರ್ ಕೇಳದ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಾಗುತ್ತದೆ. ದೂರ ನೆಪವಾಗಲಾರದು, ಸರಿ, ಹತ್ತಿರ ನೆಪವಾಗಬಹುದೆ? ಮುಕ್ಕಾಲು ಗಂಟೆಯ ದಾರಿಯನ್ನು ನಾನು ಐವತ್ತು ದಿನ ಹಿಡಿದುಕೊಂಡು ಕೂತದ್ದು ಅದು ಮುಕ್ಕಾಲೇ ಗಂಟೆ ಎಂಬ ಧೈರ್ಯದಿಂದ. ಯಾವಾಗ ಬೇಕಾದರೂ ಹೋಗಬಹುದಾದ ಊರಿಗೆ ಹೋಗುವ ದಿನ ಯಾವುದು? ನನ್ನ ಮುಕ್ಕಾಲು ಗಂಟೆಯ ವಿಚಾರವಾಗಿ ಜಗುಲಿಯ ಮೇಲೆ ಯಾರೂ ಕೇಳಲಿಲ್ಲ. ಮಣ್ಣಿಗೆ ನಾನು ಮೊದಲೇ ಬಂದಿದ್ದೆನಲ್ಲ.

ತಮ್ಮ ಬಂದದ್ದು ಶನಿವಾರ ರಾತ್ರಿ ಒಂಬತ್ತಕ್ಕೆ. ಕಾರಿನಿಂದಿಳಿದು, ಪೆಟ್ಟಿಗೆಯ ಗಾಜಿನ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತ. ಅಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಅವ್ವನ್ನ ಕೂರಿಸ್ಲಿಲ್ವಾ ಅಣ್ಣಾ?" ಎಂದ.

ನಿನಗೋಸ್ಕರವೇ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆಗ್ಲಿಲ್ಲಪ್ಪ ಎಂದೆ.

ಪಂಪ್‌ಹೌಸಿನಿಂದ ತಂತಿ ಎಳೆದು ಅಡಿಕೆ ಮರಗಳಿಗೆ ದೀಪ ಕಟ್ಟಿದ್ದರು. ಅಪ್ಪನ ಮಗ್ಗುಲಿನಲ್ಲಿ ಚೌಕವಾಗಿ ತೋಡಬೇಕಾದ ಗುಣಿಯನ್ನು ಉದ್ದವಾಗಿ ತೋಡಿದ್ದರು. ಹತ್ತೂವರೆಗೆ ಮಣ್ಣಾಯಿತು. ನಲವತ್ತೊಂದೂವರೆ ಗಂಟೆ ಕಾದಂತಾಯಿತು. ತಮ್ಮ ತನ್ನ ಮೂರು ಹಿಡಿಯನ್ನು ಹಾಕಿದ. ಕಾಯಬೇಡವೆಂದಿದ್ದ ಹಿರಿಯರೇ ಅವನ ಕೈಹಿಡಿದು ಗುಣಿಯ ಅಂಚಿನಿಂದ ಮೇಲಕ್ಕೆ ಕರೆದುಕೊಂಡರು.

ತಮ್ಮ ಹದಿನೈದು ದಿನ ಇದ್ದ. ಹೊರಡುವ ಹಿಂದಿನ ದಿನ ತೋಟದಲ್ಲಿ ನಾವಿಬ್ಬರೇ ಇದ್ದಾಗ ಹೇಳಿದ: "ಕಾಯಬಾರ್ದಿತ್ತು ಅಣ್ಣಾ. ವಿಮಾನದಲ್ಲಿ ನನಗೆ ನಿದ್ದೆ ಬಂತು. ಎದ್ದಾಗ ಊಟ ಕೊಟ್ರು, ತಿಂದೆ. ಇಲ್ಲಿ ಬೀದೀಲಿ ಒಲೆ ಹಚ್ಚಿರಲ್ಲ ಅಂತ ಗೊತ್ತು, ಆದ್ರೂ ತಿಂದೆ." ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ನೀವು ಕಾಯ್ದೇ ಇದ್ದಿದ್ರೆ ಅದನ್ನೂ ನಾನು ಕ್ಷಮಿಸ್ತಿರ್ಲಿಲ್ವೇನೋ" ಎಂದ. ಇವೆರಡರಲ್ಲಿ ಯಾವುದು ಸರಿ ಎಂದು ನಾನು ಅವನನ್ನು ಕೇಳಲಿಲ್ಲ. ಚಿಕ್ಕಪ್ಪನಿಗೆ 1991ರಲ್ಲಿ ಇಂಥ ಮಾತನ್ನು ಆಡಬೇಕಾಗಿರಲಿಲ್ಲ ಎಂಬುದಷ್ಟೆ ನೆನಪಿಗೆ ಬಂದಿತು. ತಂತಿಯ ಸೇವೆಯೇ 2013ರ ಜುಲೈಯಲ್ಲಿ ಮುಚ್ಚಿಹೋಯಿತು. ಅದರೊಡನೆ ಆ ಬಗೆಯ ನಿರಪರಾಧವೂ ಹೋಯಿತೆಂದು ಕಾಣುತ್ತದೆ.

ಈಗ ಊರಮನೆಯಲ್ಲಿ ಅತ್ತೆಯೊಬ್ಬಳೇ. ತಮ್ಮ ಈಗಲೂ ರಾತ್ರಿ ಎಂಟಕ್ಕೆ ಅವಳಿಗೆ ಫೋನು ಮಾಡುತ್ತಾನೆ. ಅವನಿಗೆ ಅದು ಬೆಳಗಿನ ಆರೂವರೆ, ಬೇಸಗೆಯಲ್ಲಿ ಏಳೂವರೆ. ಕಳೆದ ಭಾನುವಾರ ಯಾವ ಹಬ್ಬವೂ ಇಲ್ಲದೆ, ಯಾರ ಮದುವೆಯೂ ಇಲ್ಲದೆ, ನಾನು ಬೆಳಗಿನ ಬಸ್ಸು ಹಿಡಿದು ಊರಿಗೆ ಹೋದೆ. ಅತ್ತೆ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದವಳು ತಲೆಯೆತ್ತಿ ನೋಡಿ, ಗಾಬರಿಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದ್ದಳು.

"ಏನಪ್ಪಾ, ಏನಾತು? ಏನು ಕೆಲಸ ಇತ್ತು ಈ ಕಡೀಕೆ?"

ಏನೂ ಇಲ್ಲ ಅತ್ತೆ, ಬಸ್ಸಿತ್ತು, ಬಂದೆ ಎಂದೆ. ಅವಳು ನಂಬಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗಲೂ ಎರಡು ಸಲ ಕೇಳಿದಳು.